ಬೈಂದೂರಿಗೆ ಹೋದ ಕಿರಿಯ ತಂಗಿ

೨೦೨೪ ಜೂನ್ ೯, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೇಳಿಕೆಯ ಪಟ್ಟಿ ಬರೆಯಲು ಕೂತದ್ದು ಆಗ. ದಿನಚರಿಯಲ್ಲಿ ಹಾಗೇ ಇದೆ.

ಹೇಳಿಕೆ ಎಂದರೆ ನಮ್ಮ ಕಡೆ ಮದುವೆಗೆ ಕರೆಯುವುದು. ಕಾಗದ ಕಳಿಸಿದರೆ ಸಾಲದು. ಮನೆಯಿಂದ ಇಬ್ಬರು ಹೋಗಿ, ಜಗಲಿಯಲ್ಲಿ ಕೂತು, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಬಾಯಿಬಿಟ್ಟು ಹೇಳಬೇಕು. ಒಂದು ಮನೆ ಬಿಟ್ಟುಹೋದರೆ ಆ ಮನೆಯವರು ಮಾತು ಬಿಡುತ್ತಾರೆ; ಮಕ್ಕಳ ಕಾಲಕ್ಕೂ ಅದು ಮರೆತುಹೋಗುವುದಿಲ್ಲ. ನನ್ನ ಮದುವೆಯ ಮಾತುಕತೆ ಮುಗಿದಿತ್ತು. ನವೆಂಬರ್ ಹದಿನೇಳಕ್ಕೆ ನಿಶ್ಚಿತಾರ್ಥ ಎಂದು ಎರಡೂ ಮನೆಯವರು ಒಪ್ಪಿದ್ದರು. ಪಟ್ಟಿ ಬರೆಯುವ ಕೆಲಸ ನನಗೇ ಬಂತು. ಮದುಮಗಳೇ ಕೂತು ಪಟ್ಟಿ ಬರೆಯುವುದೇ ಎಂದು ಅಪ್ಪಯ್ಯ ಸ್ವಲ್ಪ ಹಿಂದೆಮುಂದೆ ನೋಡಿದರು. ಅಮ್ಮನ ತಮ್ಮ, ನನ್ನ ಮಾವ, ನಗುತ್ತಾ ಹೇಳಿದರು:

"ಅವ್ಳಿಗೇ ಕೊಡಿ ಭಾವ. ಅವ್ಳ್ ಬರ್ದ್ರೆ ಸತ್ತವ್ರ್ ಸಹ ತಪ್ಪುದಿಲ್ಲೆ."

ನಾನು ಕುಂದಾಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಬಂದ ಪುಸ್ತಕಕ್ಕೆ ನಂಬರು ಹಾಕಿ ರಿಜಿಸ್ಟರಿಗೆ ಏರಿಸುವುದು ಕೆಲಸ. ಮನೆ ಬ್ರಹ್ಮಾವರದ ಹತ್ತಿರ, ಹೋಗಿಬರುವುದು ಬಸ್ಸಿನಲ್ಲಿ. ದಿನಚರಿ ಬರೆಯಲು ಶುರು ಮಾಡಿದ್ದು ಎಂಟನೇ ತರಗತಿಯಲ್ಲಿ. ಬಿಟ್ಟ ದಿನಗಳು ಈವರೆಗೆ ಆರು.

ಹುಡುಗನ ಮನೆ ಬೈಂದೂರಿನಿಂದಲೂ ಮುಂದೆ. ಪಂಪ್‌ಸೆಟ್ ಮೋಟಾರು ರಿಪೇರಿಯ ಸ್ವಂತ ಅಂಗಡಿ. ಪಟ್ಟಿ ಶುರುವಾದ ದಿನಕ್ಕೆ ನಮ್ಮ ಭೇಟಿಗಳು ಏಳು; ಅದರಲ್ಲಿ ಹಿರಿಯರು ಜೊತೆಗಿದ್ದದ್ದು ಮೂರು. ಎರಡನೇ ಭೇಟಿಯಲ್ಲಿ ನಾನು ದಿನಚರಿಯ ವಿಷಯ ಹೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ. ನಗಲಿಲ್ಲ. ತಾನೂ ಬಿಚ್ಚಿದ ಪ್ರತಿ ಮೋಟಾರಿನ ತಂತಿ ಎಷ್ಟು ಸುತ್ತು ಇತ್ತೆಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟಾರು ಬಿಸಿಯಾಗುತ್ತದೆ ಎಂದರು. ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಸಂತೋಷವಾಗಿತ್ತು. ಅದನ್ನೂ ಬರೆದಿದ್ದೇನೆ.

ನಮ್ಮಲ್ಲಿ ಸಂಬಂಧ ನೋಡುವಾಗ ಮೊದಲು ಕೇಳುವುದು ಬಳಿ, ಬೇರೆಯವರಲ್ಲಿ ಗೋತ್ರ ಇದ್ದ ಹಾಗೆ. ಜಾತಕವೆಲ್ಲ ಆಮೇಲೆ. ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಮಾವನ ಮಗನ ಬಳಿ ಬೇರೆ, ಅವನನ್ನು ಮದುವೆಯಾಗಬಹುದು. ತಾಯಿಯ ಅಕ್ಕತಂಗಿಯರ ಮಕ್ಕಳು, ಅವರ ಹೆಣ್ಣುಮಕ್ಕಳ ಮಕ್ಕಳು, ಎಷ್ಟು ತಲೆಮಾರು ಕಳೆದರೂ ಒಂದೇ ಬಳಿ, ಅವರು ಅಣ್ಣತಂಗಿಯರು. ಹುಡುಗನ ಮನೆಯ ಬಳಿ ಬೇರೆ, ನಮ್ಮದು ಬೇರೆ ಎಂದು ಮೊದಲ ಫೋನಿನಲ್ಲೇ ತಿಳಿದಿತ್ತು. ಮುಂದಿನ ಮಾತೆಲ್ಲ ಆದದ್ದು ಆ ಮೇಲೆ.

ಜೂನ್ ಕೊನೆಗೆ ಪಟ್ಟಿಯಲ್ಲಿ ೧೩೧ ಮನೆಗಳಿದ್ದವು. ಅಮ್ಮನಿಗೆ ಸಮಾಧಾನವಿಲ್ಲ. ಮುಂಬಯಿಗೆ ಹೋದವರ ಮನೆಗಳು ಬಿಟ್ಟುಹೋಗಿವೆ, ಸಿದ್ದಾಪುರದ ಕಡೆಯವು ಬಿಟ್ಟುಹೋಗಿವೆ ಎನ್ನುತ್ತಿದ್ದಳು. ಆಗ ಮಾವ ವಾಟ್ಸಾಪಿನಲ್ಲಿ ಬಂದ ಒಂದು ಲಿಂಕ್ ಕಳಿಸಿದರು. ವಂಶವೃಕ್ಷ ಮಾಡುವ ಜಾಲತಾಣ. ಹೆಸರು, ಹುಟ್ಟಿದ ವರ್ಷ, ತಂದೆತಾಯಿ ತುಂಬಿಸುತ್ತಾ ಹೋದರೆ ಅದು ಬೇರೆಯವರು ಮಾಡಿದ ವೃಕ್ಷಗಳ ಜೊತೆ ಹೋಲಿಸಿ, ಇವರೂ ಅವರೂ ಒಬ್ಬರೇ ಇರಬಹುದೇ ಎಂದು ಕೇಳುತ್ತದೆ. ಬಿಟ್ಟುಹೋದ ಮನೆಗಳನ್ನು ಹಿಡಿಯಲು ಇದು ಸರಿ ಎನಿಸಿತು. ಲೈಬ್ರರಿಯ ಊಟದ ಬಿಡುವಿನಲ್ಲಿ ದಿನಕ್ಕೆ ಹತ್ತು ಹೆಸರಿನಂತೆ ತುಂಬಿಸಿದೆ.

ನಮ್ಮ ಹಳೆಯ ಹೆಸರುಗಳು ಸಿಕ್ಕಿದ್ದು ಕುಟುಂಬದ ಪಾಲುಪಟ್ಟಿಯಲ್ಲಿ. ಅಮ್ಮಮ್ಮನ ಪೆಟ್ಟಿಗೆಯಲ್ಲಿ ಅದರ ನಕಲು ಇತ್ತು. ಮೇಲೆ ಯಜಮಾನರು ಎಂದು ಒಬ್ಬ ಗಂಡಸಿನ ಹೆಸರು, ಕೆಳಗೆ ಅಮ್ಮಮ್ಮನ ಅಮ್ಮ, ಅವಳ ಅಕ್ಕ, ಇಬ್ಬರ ಮಕ್ಕಳು. ನಾನು ಆ ಗಂಡಸನ್ನು ತಂದೆಯ ಜಾಗದಲ್ಲಿ ಹಾಕಿದೆ. ಜಾಲತಾಣ ಕೆಂಪು ಗುರುತು ತೋರಿಸಿತು: ಈ ತಂದೆಗೆ ಹಿರಿಯ ಮಗಳು ಹುಟ್ಟುವಾಗ ವಯಸ್ಸು ಒಂಬತ್ತು, ಸರಿಯೇ? ವರ್ಷ ತಪ್ಪಿರಬೇಕೆಂದು ನಾನು ಮೂರು ವಾರ ವರ್ಷವನ್ನೇ ಹುಡುಕಿದೆ. ಜುಲೈ ೨೮, ಭಾನುವಾರ, ಮಾವ ಮನೆಗೆ ಬಂದಾಗ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಜಮಾನ್ರ್ ಅಂದ್ರೆ ಅಪ್ಪ ಅಲ್ದೇ ಹೆಣೆ! ಮಾವ. ಆ ಹೆಂಗಸ್ರ ಅಬ್ಬಿಯ ತಮ್ಮ. ನಮ್ಮನಿ ಪಾಲುಪಟ್ಟಿಯಂಗೆ ಅಪ್ಪನ್ ಹೆಸ್ರ್ ಎಲ್ಲಿಂದ ಬತ್ತ್?"

"ನಂಗ್ ಹೊಳಿಲಿಲ್ಲ ಮಾವ."

"ಹೊಳುದ್ ಹ್ಯಾಂಗೆ? ಇಂಗ್ಲಿಷ್ ಫಾರ್ಮ್ ಕಂಡ ಕೂಡ್ಲೆ ಮಾವನ್ನೇ ಮರ್ತ್ ಬಿಟ್ಟಿ. ಮದಿಗಾದ್ರೂ ಹೇಳಿಕೆ ಇತ್ತಾ ನಂಗೆ?"

ಸಂಜೆ ನಾಲ್ಕು ಗಂಟೆಗೆ ನಾನು ಆ ಯಜಮಾನರನ್ನು ತಂದೆಯ ಚೌಕದಿಂದ ತೆಗೆದು, ತಾಯಿಯ ತಮ್ಮನೆಂದು ಮಾವನ ಜಾಗಕ್ಕೆ ಸರಿಸಿದೆ. ಕೆಂಪು ಗುರುತು ಹೋಯಿತು.

ಮರುದಿನ ಸೋಮವಾರ. ಬಸ್ಸು ತೆಕ್ಕಟ್ಟೆ ದಾಟುವಾಗ ಫೋನಿಗೆ ಸೂಚನೆ ಬಂತು. ನನ್ನ ವೃಕ್ಷ ಮುಂಬಯಿಯ ಒಬ್ಬರ ವೃಕ್ಷದೊಂದಿಗೆ ಹೊಂದುತ್ತಿತ್ತು. ತೆರೆದು ನೋಡಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅಮ್ಮಮ್ಮನ ಅಮ್ಮನಿಗೆ ಒಬ್ಬಳು ಅಕ್ಕ ಇದ್ದದ್ದು. ಆ ಅಕ್ಕನ ಸಂತಾನವೇ ಮುಂಬಯಿಯವರು. ಅವರ ವೃಕ್ಷದಲ್ಲಿ ಮಾತ್ರ ಮೂವರು ಹೆಣ್ಣುಮಕ್ಕಳಿದ್ದರು. ಮೂರನೆಯವಳ ಹೆಸರಿನ ಕೆಳಗೆ ಬೈಂದೂರು ಎಂದಿತ್ತು. ಅವಳ ಮಗಳ ಹೆಸರು, ಆ ಮಗಳು ತೀರಿಕೊಂಡ ದಿನ. ಅದರ ಕೆಳಗೆ ಬೂದು ಬಣ್ಣದ ಚೌಕಗಳು. ಬದುಕಿರುವವರ ಹೆಸರನ್ನು ಜಾಲತಾಣ ತೋರಿಸುವುದಿಲ್ಲ.

ತೋರಿಸುವ ಅಗತ್ಯವಿರಲಿಲ್ಲ. ಮೊದಲ ಸಲ ಹುಡುಗನ ಮನೆಗೆ ಹೋದಾಗ ಚಾವಡಿಯ ಗೋಡೆಯಲ್ಲಿ ಅವರ ಅಮ್ಮಮ್ಮನ ಪಟವಿತ್ತು. ಕೆಳಗೆ ಹೆಸರು, ತೀರಿಕೊಂಡ ದಿನ. ಅಭ್ಯಾಸಬಲದಿಂದ ನಾನು ಅದನ್ನು ಬರೆದುಕೊಂಡಿದ್ದೆ. ಲೈಬ್ರರಿಗೆ ಹೋಗಿ ಚೀಲದಿಂದ ದಿನಚರಿ ತೆಗೆದು ಹೋಲಿಸಿದೆ. ಹೆಸರು ಅದೇ. ದಿನ ಅದೇ. ಅವರ ತಾಯಿ ಒಂದು ಬೂದು ಚೌಕ, ಅವರು ಅದರ ಕೆಳಗಿನ ಚೌಕ. ನನ್ನ ಹೆಸರಿನಿಂದ ಆ ಚೌಕಕ್ಕೆ ಒಂದು ಗೆರೆ ಎಳೆದು ಜಾಲತಾಣ ಬರೆದಿತ್ತು: ಥರ್ಡ್ ಕಸಿನ್.

ಆ ದಿನ ಏರಿಸಿದ ಪುಸ್ತಕಗಳು ೨೨. ತಪ್ಪು ಇಲ್ಲ. ಆಮೇಲೆ ಪರೀಕ್ಷಿಸಿದೆ.

ಸಂಜೆ ಮುಂಬಯಿಯವರಿಗೆ ಸಂದೇಶ ಕಳಿಸಿದೆ. ಐವತ್ತರ ಹೆಂಗಸು, ಗಂಡನದು ಹೋಟೆಲು. ಅವರ ಮನೆಯಲ್ಲಿ ಏನೋ ತೊಂದರೆಯಾಗಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ನಿಮ್ಮ ಕುಟುಂಬದ ಮೂಲ ನಾಗನಿಗೆ ಪೂಜೆ ನಿಂತಿದೆ, ಹುಡುಕಿ ಎಂದು ಬಂತಂತೆ. ಮೂಲ ಎಲ್ಲಿ ಎಂದು ಹುಡುಕಲು ಅವರು ಈ ವೃಕ್ಷ ಶುರು ಮಾಡಿದ್ದು. ಕೂಡಲೇ ಧ್ವನಿ ಸಂದೇಶ ಬಂತು.

"ಅರೇ, ತಂಗೀ! ಒಂದೇ ಬಳಿ ಅಲ್ದಾ, ನೀ ನಂಗ್ ಸೀದಾ ತಂಗಿಯೇ. ಎರಡ್ ವರ್ಷ ಆಯ್ತ್ ಮಾರಾಯ್ತಿ, ಒಬ್ರೂ ಊರ್‍ನವ್ರ್ ಸಿಕ್ಕಿರ್‍ಲಿಲ್ಲ. ಎಂತ ಓದಿದ್ದೆ? ಮದಿ ಆಯ್ತಾ?"

ಮೂರನೆಯವಳ ಬಗ್ಗೆ ಕೇಳಿದೆ. ಅವರ ಅಜ್ಜಿ ಹೇಳುತ್ತಿದ್ದರಂತೆ. ಬೈಂದೂರಿನ ಆ ಮನೆಯಲ್ಲಿ ಹೆಣ್ಣು ಸಂತಾನವಿರಲಿಲ್ಲ. ಹೆಣ್ಣಿಲ್ಲದಿದ್ದರೆ ನಮ್ಮ ಪದ್ಧತಿಯಲ್ಲಿ ಮನೆಯೇ ನಿಂತುಹೋಗುತ್ತದೆ. ಅದಕ್ಕೆ ಅವರು ಮೂವರಲ್ಲಿ ಕಿರಿಯವಳನ್ನು, ಏಳು ವರ್ಷದ ಹುಡುಗಿಯನ್ನು, ಕೇಳಿ ತೆಗೆದುಕೊಂಡು ಹೋದರು. ದೋಣಿಯಲ್ಲಿ ಒಂದೊಂದು ಹೊಳೆ ದಾಟುವಾಗಲೂ ಅವಳು ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುತ್ತಿದ್ದಳಂತೆ. ಆ ಶಾಖೆಯ ಹೆಸರುಗಳನ್ನು ತುಂಬಿಸಿಕೊಟ್ಟವರು ಅದೇ ಮನೆಯಿಂದ ಮುಂಬಯಿಗೆ ಹೋಗಿದ್ದ ಒಬ್ಬ ಹಿರಿಯರು. ಅವರು ಹಿಂದಿನ ವರ್ಷ ತೀರಿಕೊಂಡಿದ್ದರು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಅಳಲಿಲ್ಲವೇ ಎಂದು ಅನಂತರ ಕೆಲವರು ಕೇಳಿದ್ದಾರೆ. ಅತ್ತದ್ದು ಬರೆದಿಲ್ಲ, ಆದ್ದರಿಂದ ಅತ್ತಿರಲಾರೆ. ಜಾಲತಾಣದಲ್ಲಿ ಹೊಂದಿಕೆಯ ಕೆಳಗೆ ಎರಡು ಗುಂಡಿಗಳಿವೆ. ಒಂದು ಒಪ್ಪಲು, ಒಂದು ನಿರಾಕರಿಸಲು. ನಿರಾಕರಿಸಿದರೆ ಗೆರೆ ಅಳಿದುಹೋಗುತ್ತದೆ. ಮಂಗಳವಾರ ಎರಡು ಸಲ, ಬುಧವಾರ ನಾಲ್ಕು ಸಲ ಆ ಪುಟ ತೆರೆದು ಮುಚ್ಚಿದೆ. ಅನ್ನ ಎಂದಿನಷ್ಟೇ ಉಂಡೆ.

ಆಗಸ್ಟ್ ೧, ಗುರುವಾರ, ಸಂಜೆ ಐದೂ ಹತ್ತು. ಅವರು ತಾಮ್ರದ ತಂತಿ ಕೊಳ್ಳಲು ಕುಂದಾಪುರಕ್ಕೆ ಬಂದಿದ್ದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತು ಫೋನನ್ನು ಅವರ ಕಡೆ ತಿರುಗಿಸಿದೆ.

"ಎಂತ ಇದ್?"

"ಕೆಳಗಿನ ಚೌಕ ಕಾಣಿ. ಅದ್ ನೀವ್."

"ನನ್ ಹೆಸ್ರೇ ಇಲ್ಯಲೆ."

"ಬದ್ಕಿದ್ದವ್ರ ಹೆಸ್ರ್ ತೋರ್‍ಸುದಿಲ್ಲೆ."

"ಸತ್ರೆ ಮಾತ್ರವಾ? ಒಳ್ಳೆ ಕೆಲ್ಸ." ನಕ್ಕರು. ಆಮೇಲೆ ಬೆರಳಿಟ್ಟು ಗೆರೆಯ ಮೇಲೆ ಹೋದರು. ತಾಯಿ, ಅಮ್ಮಮ್ಮ, ಅವಳ ತಾಯಿ. ಅಲ್ಲಿಂದ ಪಕ್ಕಕ್ಕೆ, ಮತ್ತೆ ಕೆಳಕ್ಕೆ, ನನ್ನ ಹೆಸರಿಗೆ. ಬೆರಳು ಅಲ್ಲೇ ನಿಂತಿತು. "ಥರ್ಡ್ ಕಸಿನ್ ಅಂದ್ರೆ ಎಂತ? ಭಾವನಾ, ಅಣ್ಣನಾ?"

"ಅದಕ್ ಗೊತ್ತಿಲ್ಲೆ. ಎರಡಕ್ಕೂ ಒಂದೇ ಹೇಳತ್ತ್."

ಚಹಾ ಬಂತು. ಅವರು ಸಕ್ಕರೆ ಕಲಕುತ್ತಲೇ ಇದ್ದರು.

"ಮನೆಲ್ ಹೇಳಿದ್ಯಾ?"

"ಇಲ್ಲೆ."

"ಹೇಳ್ದಿದ್ರೆ?"

"ಹೇಳ್ದಿದ್ರೆ ನಾನ್ ಒಬ್ಳೇ ಗೊತ್ತಿಟ್ಕಂಡ್ ಕೂತ್ಕಣ್ಕ್."

"ಈಗ ಇಬ್ರಾಯ್ತಲೆ," ಎಂದರು. ತಂತಿಯ ಸುರುಳಿಯನ್ನು ಮೇಜಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಅಮ್ಮನಿಗೆ ನಾನೇ ಹೇಳ್ತೆ. ನಿಮ್ಮನೆಲ್ ನೀ ಹೇಳ್."

ಆಗಸ್ಟ್ ೧೮, ಭಾನುವಾರ. ಅವರು, ಅವರ ತಾಯಿ, ಅವರ ಮಾವ ನಮ್ಮ ಮನೆಗೆ ಬಂದರು. ನಮ್ಮ ಕಡೆಯಿಂದ ಅಪ್ಪಯ್ಯ, ಅಮ್ಮ, ಮಾವ, ಎಂಬತ್ತಮೂರರ ಅಮ್ಮಮ್ಮ. ಅಮ್ಮಮ್ಮ ಮೊದಲೇ ಹೇಳಿದ್ದಳು, ತನ್ನ ತಾಯಿ ತನಗೊಬ್ಬಳು ತಂಗಿ ಇದ್ದಳೆಂದು ಒಂದು ದಿನವೂ ಬಾಯಿಬಿಟ್ಟಿರಲಿಲ್ಲವೆಂದು.

ಪ್ರಶ್ನೆ ಒಂದೇ ಇತ್ತು. ಹೀಗೆ ಹೆಣ್ಣು ತಂದುಕೊಳ್ಳುವಾಗ ಊರಿನ ನಾಲ್ಕು ಜನರ ಎದುರು, ಆ ಮನೆಯ ದೈವದ ಮುಂದೆ ಹುಡುಗಿಯನ್ನು ನಿಲ್ಲಿಸಿ ಒಪ್ಪಿಸುತ್ತಾರೆ. ಒಪ್ಪಿಸಿದರೆ ಅವಳು ಹುಟ್ಟಿದ ಬಳಿ ಬಿಟ್ಟುಹೋಗುತ್ತದೆ; ಆ ಮನೆಯ ಬಳಿ ಅವಳದಾಗುತ್ತದೆ. ಒಪ್ಪಿಸದೆ ಬರೀ ಸಾಕಲು ಕಳಿಸಿದ್ದರೆ ಎಷ್ಟು ವರ್ಷ ಅಲ್ಲಿದ್ದರೂ ಅವಳು ನಮ್ಮ ಬಳಿಯವಳೇ. ಹಾಗಿದ್ದರೆ ಅವಳ ಮಗಳ ಮಗಳ ಮಗ ನನಗೆ ಅಣ್ಣ.

ಅವರ ಮಾವ ಮೊದಲು ಮಾತಾಡಿದರು. "ನಮ್ಮನಿಗ್ ತಂದ ಹೆಣ್ಣ್. ನಮ್ಮ ದೈವಕ್ಕೆ ಕೈ ಮುಗ್ದ ಹೆಣ್ಣ್. ಅವ್ಳ ಮಕ್ಕಳೆಲ್ಲ ನಮ್ಮ ಬಳಿ ಹೇಳಿಯೇ ಮದಿ ಆದ್ದ್, ನಮ್ಮ ಬಳಿ ಬಿಟ್ಟೇ ಹೆಣ್ಣ್ ಕೊಟ್ಟದ್ದ್. ಇನ್ನೆಂತ ಬೇಕ್?"

"ಕೈ ಎಲ್ರೂ ಮುಗಿತ್ರ್," ಎಂದರು ನನ್ನ ಮಾವ. "ಒಪ್ಸಿದ್ದ್ ಯಾರ್ ಕಂಡಿದ್ರ್?"

"ನೀವ್ ಕಂಡಿದ್ರ್ಯಾ ಒಪ್ಸದ್ದೇ ಇದ್ದದ್ದ್?"

"ಪಾಲುಪಟ್ಟಿ ಕಾಣಿ," ಎಂದರು ಅಪ್ಪಯ್ಯ ನಡುವೆ. "ಅಕ್ಕತಂಗಿ ಇಬ್ರದ್ದೇ ಹೆಸ್ರ್. ಮೂರ್ನೇದ್ ಇಲ್ಲ. ಬಳಿ ಬಿಟ್ಟ್ ಹೋಗಿದ್ದಕ್ಕೇ ಅಲ್ದಾ ಬಿಟ್ಟದ್ದ್?"

ಅದು ಸರಿಯಾದ ಮಾತಾಗಿತ್ತು. ನಾನು ಬರೆದುಕೊಂಡೆ. ಅವರ ತಾಯಿ ಮೊದಲ ಬಾರಿ ತಲೆಯೆತ್ತಿದರು. ಅಷ್ಟರಲ್ಲಿ ಅಮ್ಮಮ್ಮ ಗೋಡೆಗೊರಗಿ ಕೂತಲ್ಲಿಂದಲೇ ಹೇಳಿದಳು:

"ಒಂದ್ ವರ್ಷ ನಮ್ಮನೆಲ್ ಹೊಸ್ತ್ ಊಟ ಮುಂದೆ ಹಾಕಿದ್ರ್. ಇವ್ಳ ಅಮ್ಮ ತೊಟ್ಲಲ್ಲಿದ್ದಿತ್. ಕದ್ರ್ ತಂದ್ ಕಟ್ಟುಕೆ ಹೊರ್‍ಟವ್ರನ್ನ ನಿಲ್ಸಿ ನನ್ನಬ್ಬಿ ಸೂತಕ ಅಂದ್ಲ್. ಯಾರ್ ಸತ್ತದ್ದ್ ಅಂದ್ರೆ ಹೇಳ್ಳಿಲ್ಲ. ಹತ್ತ್ ದಿನ ದೇವಸ್ಥಾನದ ಬದಿಗೂ ಹೋಯ್ಲಿಲ್ಲ. ನನ್ನನ್ನೂ ಕಳ್ಸಿಲ್ಲ."

ಅಪ್ಪಯ್ಯ ಪಾಲುಪಟ್ಟಿ ಮಡಚಿದರು. ಸತ್ತವರು ಬಳಿಯವರಾದರೆ ಮಾತ್ರ ಹತ್ತು ದಿನದ ಸೂತಕ. ಬಳಿ ಬಿಟ್ಟುಹೋದವರಿಗೆ ಮಿಂದರೆ ಮುಗಿಯಿತು.

"ನಮ್ಮ ದೊಡ್ಡಜ್ಜಿ ತೀರಿದ್ದ್ ಯಾವಾಗ?" ಎಂದು ಅವರು ತಮ್ಮ ತಾಯಿಯನ್ನು ಕೇಳಿದರು.

"ವರ್ಷ ಗೊತ್ತಿಲ್ಲ ಮಗ. ನವರಾತ್ರಿ ಹತ್ರ ಅಂಬ್ರ್."

ಹೊಸ್ತು, ಅಂದರೆ ಹೊಸ ಅಕ್ಕಿಯ ಊಟವೂ ನವರಾತ್ರಿಯ ಹತ್ತಿರವೇ. ಅಮ್ಮ ತೊಟ್ಟಿಲಲ್ಲಿದ್ದ ವರ್ಷವೇ ಬೈಂದೂರಿನ ಆ ಕಿರಿಯವಳು ಸತ್ತದ್ದು ಎಂದು ಹೇಳುವವರು ಯಾರೂ ಇಲ್ಲ. ಅಲ್ಲ ಎಂದು ಹೇಳುವವರೂ ಇಲ್ಲ.

ಕೊನೆಗೆ ಅಮ್ಮಮ್ಮನೇ ತೀರ್ಮಾನ ಹೇಳಿದಳು. "ಒಪ್ಸಿದ್ದ್ ಕಂಡವ್ರ್ ಇಪ್ಪುದ್ ಸಾಧ್ಯ ಇಲ್ಲ. ಕಂಡವ್ರ ಬಾಯಂಗೆ ಕೇಂಡವ್ರ್ ಒಬ್ರ್ ಸಿಕ್ಲಿ. ಸಾಕ್. ನಾನೇ ಎದ್ದ್ ಹೋಯಿ ಹೇಳಿಕೆ ಹೇಳ್ತೆ." ಎರಡೂ ಕಡೆಯವರು ಒಪ್ಪಿದರು. ಹೋಗುವಾಗ ಅವರ ತಾಯಿ ನನ್ನ ಕೈ ಹಿಡಿದುಕೊಂಡರು. ಏನೋ ಹೇಳಲು ಹೊರಟು, ಕರೆಯುವುದು ಹೇಗೆಂದು ತಿಳಿಯದೆ, ಕೈ ಬಿಟ್ಟರು.

ಆಗಸ್ಟ್ ೨೫ರಿಂದ ನವೆಂಬರ್ ೧೦ರವರೆಗೆ ಹನ್ನೆರಡು ಭಾನುವಾರ. ಕೇಳಿದ ಹಿರಿಯರು ಹದಿನಾಲ್ಕು. ಮೊದಲ ಐದು ಭಾನುವಾರ ಅವರೂ ಬಂದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಿದ್ದೆವು, ನಡುವೆ ನನ್ನ ಚೀಲ ಇಟ್ಟುಕೊಂಡು. ಮೊದಲು ಹಾಗೆ ಇಡುತ್ತಿರಲಿಲ್ಲ. ಮೊದಲು ಇಟ್ಟದ್ದು ನಾನೋ ಅವರೋ ಎಂದು ಬರೆದಿಲ್ಲ.

ಸಿದ್ದಾಪುರದ ಕಡೆ ತೊಂಬತ್ತು ದಾಟಿದ ಒಬ್ಬಳು ಅಜ್ಜಿ. ಕಣ್ಣು ಮಂಜು, ಬಾಯಿ ಚುರುಕು. ನನ್ನ ಮುಖವನ್ನು ಕೈಯಲ್ಲಿ ಮುಟ್ಟಿ ನೋಡಿ, ಪಕ್ಕದಲ್ಲಿದ್ದವರ ಕಡೆ ತಿರುಗಿದಳು.

"ಈ ಗಂಡ್ ಯಾರ್? ನಿಂಗೆಂತ ಆಗ್ಬೇಕ್?"

ಅವರೇ ಹೇಳಿದರು: "ಅದನ್ನೇ ಕೇಂಬುಕೆ ಬಂದದ್ದ್ ಅಜ್ಜಿ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾವೂ ನಕ್ಕೆವು. ಆ ದಿನ ಅವಳು ನಮಗೆ ಎರಡು ಸಲ ಹಲಸಿನ ಹಪ್ಪಳ ಸುಡಿಸಿ ಕೊಟ್ಟಳು. ಕಿರಿಯವಳನ್ನು ಕೊಂಡುಹೋದದ್ದು ಕೇಳಿದ್ದಾಳೆ. ಒಪ್ಪಿಸಿದ್ದು ಕೇಳಿಲ್ಲ. ಒಪ್ಪಿಸದಿದ್ದದ್ದೂ ಕೇಳಿಲ್ಲ.

ಐದನೆಯ ಭಾನುವಾರ, ಸೆಪ್ಟೆಂಬರ್ ೨೨, ಬೈಂದೂರಿನಿಂದ ವಾಪಸು ಬರುವಾಗ ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು:

"ರಿಜಿಸ್ಟರ್ ಆಫೀಸಂಗೆ ಬಳಿ ಕೇಂತಿಲ್ಯಂಬ್ರ್. ಎರಡ್ ಸಹಿ ಹಾಕ್ರೆ ಮುಗೀತ್."

"ಅಮ್ಮಮ್ಮ ಮತ್ತೆ ನಮ್ಮನಿ ನೀರ್ ಕುಡುದಿಲ್ಲೆ."

"ಅಮ್ಮಮ್ಮ ಇರ್‍ಲಿ. ನೀನ್?"

ಬಸ್ಸು ನಾವುಂದದಲ್ಲಿ ನಿಂತಿತು. ಮೀನಿನ ಬುಟ್ಟಿ ಹಿಡಿದ ಇಬ್ಬರು ಹೆಂಗಸರು ಹತ್ತಿದರು. ಹೊರಟಿತು. ಫೋನಿನಲ್ಲಿ ಅವರ ಹೆಸರು ಬಂದಾಗ ಮೊದಲು ಆಗುತ್ತಿದ್ದದ್ದು ಈಗ ಆಗುತ್ತಿರಲಿಲ್ಲ. ಅದರ ಬದಲು ಬೇರೇನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಕೊಡುವ ಚುಚ್ಚುಮದ್ದಿನ ಹಾಗೆ. ಕೆನ್ನೆ ಇದೆ, ಮುಟ್ಟಿದರೆ ತಿಳಿಯುವುದಿಲ್ಲ. ಅಣ್ಣ ಎಂದು ಕರೆಯಲು ನನ್ನಿಂದ ಆಗುವುದಿಲ್ಲ. ಮದುವೆಯಾಗುವವರೆಂದು ನೋಡಲೂ ಆಗುವುದಿಲ್ಲ, ಯಾರಾದರೂ ಒಬ್ಬರು ಬಂದು ಹೌದು, ಒಪ್ಪಿಸಿದ್ದರು ಎನ್ನುವ ತನಕ. ಇದನ್ನು ಅವರಿಗೆ ಹೇಳಬೇಕಿತ್ತು. ಕುಂದಾಪುರದಲ್ಲಿ ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದ ಮೇಲೆ ಅವರು, "ಇನ್ ಬಪ್ಪ ವಾರದಿಂದ ನಾ ಬತ್ತಿಲ್ಲೆ. ಎಂತ ಸಿಕ್ರೂ ಫೋನ್ ಮಾಡ್," ಎಂದು ಎದುರಿನ ಬಸ್ಸು ಹತ್ತಿದರು.

ಉಳಿದ ಏಳು ಭಾನುವಾರ ನಾನೊಬ್ಬಳೇ ಹೋದೆ. ಸಾಲಿಗ್ರಾಮದಲ್ಲಿ ಒಬ್ಬರು, ಕುಂದಾಪುರದಲ್ಲಿ ಮೂವರು, ಹೀಗೆ. ಒಪ್ಪಿಸಿದ್ದರು ಎಂದವರು ಮೂವರು. ಮೂವರೂ ಬೈಂದೂರಿನ ಮನೆಗೆ ಹತ್ತಿರದವರು. ಇಲ್ಲ, ಬರೀ ಸಾಕಲು ಕಳಿಸಿದ್ದು ಎಂದವರು ಇಬ್ಬರು. ಇಬ್ಬರೂ ನಮ್ಮ ಕಡೆಯವರು. ಯಾರ ಬಾಯಿಂದ ಕೇಳಿದಿರಿ ಎಂದು ಕೇಳಿದರೆ ಐವರಲ್ಲಿ ಒಬ್ಬರೂ ಹೇಳಲಿಲ್ಲ. ಹಾಗೇ ಇರುವುದು ತಾನೇ ಎಂದರು. ಗೊತ್ತಿಲ್ಲ ಎಂದವರು ಒಂಬತ್ತು.

ಈ ನಡುವೆ ಮುಂಬಯಿಯ ಅಕ್ಕನಿಗೆ ವಿಷಯ ತಿಳಿಯಿತು. ಫೋನ್ ಮಾಡಿ ಅವರೇ ಅತ್ತರು. "ನಾ ಎಂತಕೆ ಅದನ್ನ ಹಾಕ್ದೆನೋ ಮಾರಾಯ್ತಿ! ಈಗ್ಲೇ ಡಿಲೀಟ್ ಮಾಡ್ತೆ. ಮೂರ್ನೇದ್ದ್ ಇರ್‍ಲೇ ಇಲ್ಲ ಅಂಬುದ್. ಯಾರಿಗ್ ಗೊತ್ತಾತ್ತ್?"

ಬೇಡ ಎಂದೆ. ನಮ್ಮ ಮನೆಯಲ್ಲಿ ತೊಂಬತ್ತಕ್ಕೂ ಹೆಚ್ಚು ವರ್ಷ ಅವಳು ಇರಲೇ ಇಲ್ಲ ಎಂದೇ ನಡೆದುಬಂದಿದೆ. ಅಮ್ಮಮ್ಮ ಈಗ ಕೆಲವೊಮ್ಮೆ ಬಟ್ಟೆ ಮಡಚುತ್ತಾ ತಾನಾಗಿಯೇ ಹೇಳುತ್ತಾಳೆ, "ನಂಗೊಂದ್ ಚಿಕ್ಕಿ ಇದ್ದಿತ್ತಂಬ್ರ್." ಅಷ್ಟೇ ಹೇಳಿ ಮುಂದಿನ ಬಟ್ಟೆ ಎತ್ತಿಕೊಳ್ಳುತ್ತಾಳೆ.

ನವೆಂಬರ್ ೧೭, ಭಾನುವಾರ. ನಿಶ್ಚಿತಾರ್ಥ ಆಗಬೇಕಿದ್ದ ದಿನ. ಅಮ್ಮ ಬೆಳಿಗ್ಗೆಯೇ ತೋಟದಲ್ಲಿ ಕೆಲಸ ಹುಡುಕಿಕೊಂಡಳು. ನಾನು ಮಧ್ಯಾಹ್ನ ಎರಡು ಗಂಟೆ ನಿದ್ರೆ ಮಾಡಿದೆ. ಸಂಜೆ ಅವರಿಂದ ಒಂದು ಸಂದೇಶ ಬಂತು: ಊಟ ಆಯ್ತಾ. ಆಯ್ತು ಎಂದು ಬರೆದೆ.

ಹೇಳಿಕೆಯ ಪಟ್ಟಿ ಈಗ ೨೧೪ ಮನೆಗೆ ನಿಂತಿದೆ. ವೃಕ್ಷದಲ್ಲಿ ಹೆಸರುಗಳು ೬೦೩. ಅದರಿಂದ ಸಿಕ್ಕ, ಮೊದಲು ಗೊತ್ತೇ ಇಲ್ಲದಿದ್ದ ನೆಂಟರು ನಲವತ್ತೊಂದು ಜನ. ಅವರಲ್ಲಿ ಹನ್ನೊಂದು ಜನ ಹಬ್ಬಕ್ಕೆ ಸಂದೇಶ ಕಳಿಸುತ್ತಾರೆ. ನನ್ನನ್ನು ತಂಗಿ, ಅಕ್ಕ, ಸೊಸೆ, ಚಿಕ್ಕಮ್ಮ ಎಂದೆಲ್ಲ ಕರೆಯುತ್ತಾರೆ. ಎಲ್ಲರಿಗೂ ನಾನು ಏನಾಗಬೇಕೆಂದು ಗೊತ್ತಿದೆ.

ಜನವರಿಯಲ್ಲಿ ಅವರ ತಾಯಿ ಅಮ್ಮನಿಗೆ ಫೋನ್ ಮಾಡಿದರು. ಯುಗಾದಿಯ ತನಕ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡಬೇಕಾಗುತ್ತದೆ, ಮಗನಿಗೆ ಮೂವತ್ತೆರಡು ಎಂದರು. ತಪ್ಪು ಅಲ್ಲ. ನಮ್ಮ ಕಡೆಯದು ಸೌರ ಯುಗಾದಿ, ಏಪ್ರಿಲ್ ಹದಿನಾಲ್ಕಕ್ಕೆ. ಇದನ್ನು ಬರೆಯುತ್ತಿರುವುದು ೨೦೨೫ ಮಾರ್ಚ್ ೨, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಇನ್ನು ನಲವತ್ತಮೂರು ದಿನ.

ಓದುವವರಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯವರಿರಬಹುದು, ಅಲ್ಲಿಂದ ಮುಂಬಯಿಗೆ ಹೋದವರಿರಬಹುದು. ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ. ಬ್ರಹ್ಮಾವರದ ಹತ್ತಿರದ ಮನೆ, ಮೂವರು ಅಕ್ಕತಂಗಿಯರು. ಕಿರಿಯವಳನ್ನು ಏಳು ವರ್ಷದಲ್ಲಿ, ಹೆಣ್ಣಿಲ್ಲದ ಒಂದು ಮನೆಯವರು ದೋಣಿಯಲ್ಲಿ ಹೊಳೆ ದಾಟಿಸಿ ಬೈಂದೂರಿನಾಚೆ ಕೊಂಡುಹೋದರು. ದೈವದ ಮುಂದೆ ನಿಲ್ಲಿಸಿ ಒಪ್ಪಿಸಿದ್ದರೇ, ಇಲ್ಲವೇ. ಅಥವಾ ಅವಳು ತೀರಿಕೊಂಡದ್ದು ಯಾವ ವರ್ಷದ ನವರಾತ್ರಿ. ಎರಡರಲ್ಲಿ ಒಂದು ಗೊತ್ತಿದ್ದರೂ ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನನಗೆ ಬೇಸರವಾಗುತ್ತದೆಂದು ಉತ್ತರ ಬದಲಿಸಬೇಡಿ. ಯಾರ ಬಾಯಿಂದ ಕೇಳಿದ್ದು ಎಂಬುದನ್ನು ಮಾತ್ರ ಮರೆಯದೆ ಸೇರಿಸಿ.